ಕಲ್ಲಿಗೆ ಕಸಿ ಮಾಡಿದ ತೋಳು

ಹಳೆಯ ಕಲ್ಲುಗಳ ಹುಚ್ಚು ಹಿಡಿದವರಿಗೆ ಒಂದು ಚಟವಿರುತ್ತದೆ: ಕೆತ್ತನೆಗೂ ಮೊದಲು ಬಿರುಕು ಹುಡುಕುವುದು. ಸ್ಕಾಟ್ಲೆಂಡಿನ ಡಂಫ್ರೀಸ್ ಸೀಮೆಯ ರತ್‌ವೆಲ್ ಎಂಬ ಹಳ್ಳಿಯ ಚರ್ಚಿನಲ್ಲಿರುವ ಶಿಲುಬೆಗೆ ಈ ಚಟವೇ ಸರಿಯಾದ ದಾರಿ. ಎಂಟನೆಯ ಶತಮಾನದ ಮರಳುಗಲ್ಲು. ಎತ್ತರ ಸುಮಾರು 18 ಅಡಿ. ಒಳಗೆ ಹಿಡಿಸಲೆಂದು ನೆಲವನ್ನೇ ತಗ್ಗು ಮಾಡಿದ್ದಾರೆ.

ಅಗಲದ ಮುಖಗಳಲ್ಲಿ ಬೈಬಲಿನ ಚಿತ್ರಗಳು, ಸುತ್ತ ಲ್ಯಾಟಿನ್ ಅಕ್ಷರ. ಒಂದು ಚೌಕದಲ್ಲಿ ಹೆಣ್ಣೊಬ್ಬಳು ಬಾಗಿ ತನ್ನ ಕೂದಲಿನಿಂದ ಯೇಸುವಿನ ಪಾದ ಒರೆಸುತ್ತಿದ್ದಾಳೆ. ಅವಳ ತೋಳು ಮೈಗೆ ಹೊಂದದಷ್ಟು ದೊಡ್ಡದು. ಆದರೂ ಆ ಭಕ್ತಿಯೆಲ್ಲ ಇರುವುದು ತೋಳಿನಲ್ಲೇ. ಪಕ್ಕದ ಮುಖಗಳಲ್ಲಿ ದ್ರಾಕ್ಷಿಬಳ್ಳಿ, ಅದರೊಳಗೆ ಹಕ್ಕಿಗಳು, ಮೃಗಗಳು. ಅಂಚಿಗೆ ರೂನ್ ಲಿಪಿಯಲ್ಲಿ ಹಳೆಯ ಇಂಗ್ಲಿಷಿನ ಪದ್ಯ. ಯೇಸುವನ್ನು ಹೊತ್ತ ಮರವೇ ತನ್ನ ಸಂಕಟ ಹೇಳಿಕೊಳ್ಳುತ್ತದೆ: ಮರದ ಮಾತು, ಕಲ್ಲಿನ ಮೇಲೆ. ಇಟಲಿಯ ವೆರ್ಚೆಲ್ಲಿಯಲ್ಲಿ ಸಿಕ್ಕ ಹಸ್ತಪ್ರತಿಯ ಕಾವ್ಯಕ್ಕೂ ಇದಕ್ಕೂ ನಂಟಿದೆಯೆಂದು 1840ರ ದಶಕದಲ್ಲಿ ವಿದ್ವಾಂಸ ಜಾನ್ ಕೆಂಬಲ್ ಗುರುತಿಸಿದರು.

ಈ ಶಿಲುಬೆಯನ್ನು ಒಡೆದವರು ಪರಧರ್ಮದವರಲ್ಲ. ಮೂರ್ತಿಪೂಜೆಯ ಕುರುಹೆಂದು 1640ರಲ್ಲಿ ಸ್ಕಾಟ್ಲೆಂಡ್ ಚರ್ಚಿನ ಮಹಾಸಭೆಯೇ ಕೆಡವಲು ಆಜ್ಞೆ ಮಾಡಿತು. 1642ರಲ್ಲಿ ಶಿಲುಬೆ ಚೂರಾಯಿತು. ತುಂಡುಗಳು ಚರ್ಚಿನೊಳಗೆ ಕೂರುವ ಕಲ್ಲಾದವು, ಆಮೇಲೆ ಅಂಗಳಕ್ಕೆ ಬಿದ್ದವು.

ಅವುಗಳನ್ನು ಎತ್ತಿದವರು ಪಾದ್ರಿ ಹೆನ್ರಿ ಡಂಕನ್. 1810ರಲ್ಲಿ ಇದೇ ಹಳ್ಳಿಯಲ್ಲಿ ಬಡವರಿಗಾಗಿ ಉಳಿತಾಯ ಬ್ಯಾಂಕು ತೆರೆದವರು ಅವರು. ಕಾಸಿಗೆ ಕಾಸು ಕೂಡಿಸಲು ಕಲಿಸಿದ ಮನುಷ್ಯ, ಚೂರಿಗೆ ಚೂರು ಕೂಡಿಸಿ 1823ರಲ್ಲಿ ತಮ್ಮ ಮನೆಯ ತೋಟದಲ್ಲಿ ಶಿಲುಬೆ ನಿಲ್ಲಿಸಿದರು. ಅಡ್ಡತೋಳು ಮಾತ್ರ ಸಿಗಲಿಲ್ಲ. ತಮಗೆ ತೋಚಿದಂತೆ ಹೊಸದು ಕೆತ್ತಿಸಿದರು. ತುದಿಯ ಕಲ್ಲು ಹಿಂದುಮುಂದಾಗಿ ಕೂತಿತು. 1887ರಲ್ಲಿ ಅದೆಲ್ಲವೂ ಹಾಗೆಯೇ ಚರ್ಚಿನೊಳಗೆ ಬಂತು.

ಗಡಿಯಾಚೆ, ಇಂಗ್ಲೆಂಡಿನ ಬ್ಯೂಕ್ಯಾಸಲ್‌ನಲ್ಲಿ ಇದರ ಜೊತೆಗಾರನಂಥ ಶಿಲುಬೆಯೊಂದು ತಲೆಯಿಲ್ಲದೆ ಮಳೆಯಲ್ಲಿ ನಿಂತಿದೆ. ಅದಕ್ಕೆ ಯಾರೂ ಹೊಸ ತಲೆ ಇಟ್ಟಿಲ್ಲ, ಕೊರತೆಯೂ ಕಾಣುವುದಿಲ್ಲ. ನನ್ನ ರುಚಿ ಆ ಕಡೆಗೇ. ಹಾಗೆಂದು ಡಂಕನ್ನರ ತೋಳನ್ನು ತೆಗೆಯಬೇಕೆನ್ನಲಾರೆ: ತಪ್ಪು ಮಾಡಿದ ಆ ಕೈ ಇಲ್ಲದಿದ್ದರೆ ಸರಿಯಾದುದೂ ನಮಗೆ ಉಳಿಯುತ್ತಿರಲಿಲ್ಲ. ರತ್‌ವೆಲ್‌ಗೆ ಹೋದರೆ ಒಂದು ಕೆಲಸ ಮಾಡಿ: ಅಂಗೈ ಎತ್ತಿ ಅಡ್ಡತೋಳನ್ನು ಮರೆಮಾಡಿಕೊಂಡು, ಮೊದಲು ಕಂಬವನ್ನಷ್ಟೇ ನೋಡಿ.