ಭೋರ್ ಸಮಿತಿಯ ವರದಿಯಲ್ಲಿ ವೈದ್ಯರೂ ದಾದಿಯರೂ: ಒಂದು ವಿಮರ್ಶೆ

ಭಾರತದ ಆರೋಗ್ಯವ್ಯವಸ್ಥೆಯ ಚರಿತ್ರೆಯನ್ನು ಬರೆಯಹೊರಟವರು ೧೯೪೬ರಲ್ಲಿ ಪ್ರಕಟವಾದ ಭೋರ್ ಸಮಿತಿಯ ವರದಿಯಿಂದ ಆರಂಭಿಸುವುದು ವಾಡಿಕೆಯಾಗಿದೆ. ವಾಡಿಕೆಯಾದ ಮಾತ್ರಕ್ಕೆ ಅದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಆ ವರದಿಯನ್ನು ಕುರಿತು ಇದುವರೆಗೆ ನಡೆದಿರುವ ಚರ್ಚೆಯನ್ನು ನೋಡಿದರೆ ಎರಡು ಪಕ್ಷಗಳು ಸ್ಪಷ್ಟವಾಗಿ ಕಾಣುತ್ತವೆ. ಒಂದು ಪಕ್ಷದವರಿಗೆ ಅದು ಸ್ವತಂತ್ರ ಭಾರತದ ಆರೋಗ್ಯಸೇವೆಗೆ ಹಾಕಿದ ಅಡಿಗಲ್ಲು. ಇನ್ನೊಂದು ಪಕ್ಷದವರಿಗೆ ಅದು ಹಳ್ಳಿಗಾಡಿನ ಜನರಿಂದ ಅವರ ವೈದ್ಯನನ್ನು ಕಿತ್ತುಕೊಂಡ ದಸ್ತಾವೇಜು. ಈ ಎರಡನೆಯವರು ಮುಖ್ಯವಾಗಿ ಎತ್ತಿ ಹೇಳುವುದು ಎಲ್.ಎಂ.ಪಿ. ಶಿಕ್ಷಣದ ನಿಲುಗಡೆಯನ್ನು. ನಮ್ಮ ಅಭಿಪ್ರಾಯದಲ್ಲಿ ಎರಡೂ ಪಕ್ಷದವರು ವರದಿಯ ಒಂದೇ ಭಾಗವನ್ನು ಓದಿ, ಒಬ್ಬರು ಹೊಗಳಿ ಇನ್ನೊಬ್ಬರು ತೆಗಳಿದ್ದಾರೆ. ಓದದೆ ಬಿಟ್ಟ ಭಾಗವೊಂದಿದೆ. ಅದನ್ನು ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ.

ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ಈ ಸಮಿತಿ ನೇಮಕವಾದದ್ದು ೧೯೪೩ರ ಅಕ್ಟೋಬರಿನಲ್ಲಿ. ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಬಂಗಾಳದಲ್ಲಿ ಕ್ಷಾಮವು ಲಕ್ಷಾಂತರ ಜನರನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಸದಸ್ಯರಲ್ಲಿ ಬಿ. ಸಿ. ರಾಯ್, ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಮುಂತಾದ ಪ್ರಸಿದ್ಧ ವೈದ್ಯರೂ, ಎನ್. ಎಂ. ಜೋಶಿಯವರಂತಹ ಕಾರ್ಮಿಕ ನಾಯಕರೂ ಇದ್ದರು. ಸಲಹೆಗೆಂದು ಹೊರದೇಶಗಳಿಂದ ತಜ್ಞರನ್ನು ಬರಮಾಡಿಕೊಳ್ಳಲಾಯಿತು. ಅವರಲ್ಲೊಬ್ಬರಾದ ಹೆನ್ರಿ ಸಿಗರಿಸ್ಟ್ ವೈದ್ಯಶಾಸ್ತ್ರದ ಚರಿತ್ರಕಾರರೆಂಬುದನ್ನು ಚರಿತ್ರೆಯ ಅಧ್ಯಾಪಕರಾದ ನಾವು ತುಸು ಅಭಿಮಾನದಿಂದಲೇ ನೆನೆಯುತ್ತೇವೆ. ಚರಿತ್ರಕಾರರ ಮಾತನ್ನು ಸರ್ಕಾರಗಳು ಕೇಳುವ ಸಂದರ್ಭಗಳು ಹೆಚ್ಚಿಲ್ಲ. ನಾಲ್ಕು ಸಂಪುಟಗಳ ಈ ವರದಿ ಅಂದಿನ ಸ್ಥಿತಿಯನ್ನು ಮರೆಮಾಚಲಿಲ್ಲ. ಹುಟ್ಟಿದ ಸಾವಿರ ಮಕ್ಕಳಲ್ಲಿ ೧೬೨ ಮಕ್ಕಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದುದನ್ನೂ, ಸರಾಸರಿ ಆಯುಸ್ಸು ೨೭ ವರ್ಷವನ್ನು ಮುಟ್ಟದಿದ್ದುದನ್ನೂ ಅದು ನೇರವಾಗಿ ಹೇಳಿತು.

ಈಗ ವೈದ್ಯರ ವಿಷಯಕ್ಕೆ ಬರೋಣ. ಅಂದಿನ ಬ್ರಿಟಿಷ್ ಇಂಡಿಯಾದಲ್ಲಿ ನೋಂದಣಿಯಾಗಿದ್ದ ವೈದ್ಯರು ಸುಮಾರು ೪೭,೫೦೦; ಅಂದರೆ ಸುಮಾರು ೬,೦೦೦ ಜನರಿಗೆ ಒಬ್ಬರು. ಇವರಲ್ಲಿ ಹೆಚ್ಚುಕಡಮೆ ಮೂರರಲ್ಲಿ ಎರಡು ಪಾಲು ಪದವೀಧರರಲ್ಲ, ಲೈಸೆನ್ಷಿಯೇಟರು. ಮೆಟ್ರಿಕ್ಯುಲೇಷನ್ ಮುಗಿಸಿ, ವೈದ್ಯಕೀಯ ಶಾಲೆಯಲ್ಲಿ ಸುಮಾರು ನಾಲ್ಕು ವರ್ಷ ಓದಿ, ತಾಲ್ಲೂಕು ಡಿಸ್ಪೆನ್ಸರಿಗಳಲ್ಲೂ ಸಣ್ಣ ಪೇಟೆಗಳಲ್ಲೂ ಕೆಲಸ ಮಾಡಿದವರು ಇವರು. ಮೈಸೂರು ಸಂಸ್ಥಾನವೂ ಇಂತಹ ಶಾಲೆಯೊಂದನ್ನು ೧೯೧೭ರಲ್ಲಿ ಬೆಂಗಳೂರಿನಲ್ಲಿ ತೆರೆಯಿತು. ವೈದ್ಯಕೀಯ ಕಾಲೇಜು ಬಂದದ್ದು ಅದರ ತರುವಾಯ, ೧೯೨೪ರಲ್ಲಿ. ನಮ್ಮ ಕಡೆಯ ಹಿರಿಯರ ಬಾಯಲ್ಲಿ ‘ಎಲ್ಲೆಂಪಿ ಡಾಕ್ಟರು’ ಎಂಬ ಮಾತು ಬಹುಕಾಲ ಉಳಿದುಬಂದದ್ದು ಆಕಸ್ಮಿಕವಲ್ಲ. ಆದರೆ ವೃತ್ತಿಯೊಳಗೆ ಅವರಿಗೆ ಎರಡನೆಯ ಪಂಕ್ತಿಯೇ ಮೀಸಲಾಗಿತ್ತು. ೧೯೩೩ರ ವೈದ್ಯಕೀಯ ಮಂಡಲಿಯ ಕಾಯಿದೆ ಅವರನ್ನು ಅಖಿಲ ಭಾರತ ವ್ಯವಸ್ಥೆಯಿಂದ ಹೊರಗೇ ಇಟ್ಟಿತು. ಅವರ ಸಂಘ ಇದನ್ನು ಪ್ರತಿಭಟಿಸುತ್ತಲೇ ಇತ್ತು.

ಭೋರ್ ಸಮಿತಿಯ ಬಹುಮತ ಈ ಶಿಕ್ಷಣವನ್ನು ನಿಲ್ಲಿಸಬೇಕೆಂದಿತು. ಇನ್ನು ಮುಂದೆ ದೇಶಕ್ಕೆ ಒಂದೇ ಬಗೆಯ ವೈದ್ಯ ಸಾಕು. ಅವನು ವಿಶ್ವವಿದ್ಯಾನಿಲಯದ ಪದವೀಧರನಾಗಿರಬೇಕು. ರೋಗವನ್ನು ಗುಣಪಡಿಸುವುದರ ಜತೆಗೆ ರೋಗ ಬಾರದಂತೆ ತಡೆಯುವುದನ್ನೂ ಕಲಿತಿರಬೇಕು. ವರದಿ ಇವನನ್ನು ‘ಬೇಸಿಕ್ ಡಾಕ್ಟರ್’ ಎಂದು ಕರೆಯಿತು. ನಾವು ಇಲ್ಲಿ ಮೂಲವೈದ್ಯನೆನ್ನೋಣ. ಕೆಲವು ಸದಸ್ಯರು ಭಿನ್ನಮತವನ್ನು ದಾಖಲಿಸಿದರು. ಜನಸಂಖ್ಯೆ ಅಷ್ಟಿರುವಾಗ, ವೈದ್ಯರ ಕೊರತೆ ಇಷ್ಟಿರುವಾಗ, ಇದ್ದ ಶಾಲೆಗಳನ್ನು ಮುಚ್ಚುವುದು ಸರಿಯಲ್ಲವೆಂಬುದು ಅವರ ವಾದದ ತಿರುಳು. ಈ ಭಿನ್ನಮತ ಸೋತಿತು. ಶಾಲೆಗಳು ಕ್ರಮೇಣ ಕಾಲೇಜುಗಳಾದವು, ಇಲ್ಲವೇ ಮುಚ್ಚಿದವು.

ಬಹುಮತದ ವಾದ ಪೊಳ್ಳೆಂದು ತಳ್ಳಿಹಾಕುವುದು ಇಂದು ಸುಲಭ. ನಾವು ಹಾಗೆ ಮಾಡಲಾರೆವು. ಪಟ್ಟಣದವನಿಗೆ ಪೂರ್ಣ ವೈದ್ಯ, ಹಳ್ಳಿಯವನಿಗೆ ಅರೆವೈದ್ಯ ಎಂಬ ಪಂಕ್ತಿಭೇದವನ್ನು ಸ್ವತಂತ್ರವಾಗಲಿರುವ ರಾಷ್ಟ್ರ ಒಪ್ಪಿಕೊಳ್ಳಬೇಕೇ ಎಂಬ ಪ್ರಶ್ನೆ ಗೌರವಕ್ಕೆ ಅರ್ಹವಾದದ್ದು. ಇರುವ ಅಲ್ಪಸ್ವಲ್ಪ ಬೋಧಕರನ್ನೂ ಹಣವನ್ನೂ ಎರಡು ದಾರಿಗೆ ಹಂಚಿದರೆ ಎರಡೂ ಕೆಡುತ್ತವೆಂಬ ಅಂಜಿಕೆಯೂ ನಿರಾಧಾರವಲ್ಲ. ಆದರೆ ಮೂಲವೈದ್ಯನನ್ನು ವರದಿ ಒಂಟಿಯಾಗಿ ಕಲ್ಪಿಸಲಿಲ್ಲವೆಂಬ ಸಂಗತಿಯನ್ನು ಟೀಕಾಕಾರರೂ ಸ್ತುತಿಪಾಠಕರೂ ಒಂದೇ ರೀತಿಯಲ್ಲಿ ಮರೆತಿದ್ದಾರೆ. ಅವನು ಸರ್ಕಾರದ ಪೂರ್ಣಾವಧಿ ಸಂಬಳದ ನೌಕರನಾಗಿರಬೇಕು, ಖಾಸಗಿ ವೃತ್ತಿಯನ್ನು ನಡೆಸಕೂಡದು ಎಂದು ಅದೇ ವರದಿ ಹೇಳಿದೆ. ಅವನ ಸುತ್ತ ಯಾರಿರಬೇಕೆಂಬುದನ್ನೂ ಎಣಿಸಿ ಹೇಳಿದೆ. ಆ ಎಣಿಕೆಯನ್ನು ಸ್ವಲ್ಪ ನಿಧಾನವಾಗಿ ಓದಬೇಕು.

೧೯೪೧ರ ಸುಮಾರಿಗೆ, ೩೦ ಕೋಟಿ ಜನರಿಗೆ, ತರಬೇತಾದ ದಾದಿಯರು ೭,೦೦೦. ಅಂದರೆ ೪೩,೦೦೦ ಜನರಿಗೆ ಒಬ್ಬಳು. ಆರೋಗ್ಯ ಸಂದರ್ಶಕಿಯರು ೭೫೦. ತರಬೇತಾದ ಸೂಲಗಿತ್ತಿಯರು ೫,೦೦೦. ಹೀಗೆ ಅಂದು ಒಬ್ಬ ದಾದಿಗೆ ಏಳು ಮಂದಿ ವೈದ್ಯರಂತೆ ಲೆಕ್ಕ ಬೀಳುತ್ತದೆ. ಇನ್ನು ೧೯೭೧ಕ್ಕೆ, ೩೭ ಕೋಟಿ ಜನರಿರಬಹುದೆಂಬ ಅಂದಾಜಿನ ಮೇಲೆ, ಸಮಿತಿ ಇಟ್ಟುಕೊಂಡ ಗುರಿ ಹೀಗಿದೆ: ವೈದ್ಯರು ೧,೮೫,೦೦೦, ದಾದಿಯರು ೭,೪೦,೦೦೦. ಎರಡು ಸಾವಿರ ಜನರಿಗೆ ಒಬ್ಬ ವೈದ್ಯ, ಐನೂರು ಜನರಿಗೆ ಒಬ್ಬಳು ದಾದಿ. ಏಳು ವೈದ್ಯರ ಹಿಂದೆ ಒಬ್ಬಳು ದಾದಿ ಇದ್ದ ವ್ಯವಸ್ಥೆಯನ್ನು ಒಬ್ಬ ವೈದ್ಯನ ಜತೆ ನಾಲ್ವರು ದಾದಿಯರಿರುವ ವ್ಯವಸ್ಥೆಯನ್ನಾಗಿ ಮಾರ್ಪಡಿಸಬೇಕೆಂಬುದು ಇದರ ಅರ್ಥ. ವೈದ್ಯರ ಸಂಖ್ಯೆ ನಾಲ್ಕರಷ್ಟು ಹೆಚ್ಚಬೇಕಿದ್ದರೆ ದಾದಿಯರ ಸಂಖ್ಯೆ ನೂರರಷ್ಟಕ್ಕೂ ಮಿಗಿಲಾಗಿ ಹೆಚ್ಚಬೇಕಿತ್ತು. ವರದಿಯ ನಿಜವಾದ ಕ್ರಾಂತಿ ಇರುವುದು ಇಲ್ಲಿಯೇ ಹೊರತು ಮೂಲವೈದ್ಯನಲ್ಲಲ್ಲ.

ತಾತ್ಕಾಲಿಕ ಯೋಜನೆಯಲ್ಲಿಯೂ ಇದೇ ಪ್ರಮಾಣ ಕಾಣುತ್ತದೆ. ೪೦,೦೦೦ ಜನರಿಗೆ ಒಂದರಂತೆ ಏರ್ಪಡಬೇಕಾಗಿದ್ದ ಪ್ರಾಥಮಿಕ ಆರೋಗ್ಯಕೇಂದ್ರದಲ್ಲಿ ವೈದ್ಯರು ಇಬ್ಬರು. ದಾದಿ ಒಬ್ಬಳು, ಸಾರ್ವಜನಿಕ ಆರೋಗ್ಯದ ದಾದಿಯರು ನಾಲ್ವರು, ಸೂಲಗಿತ್ತಿಯರು ನಾಲ್ವರು, ತರಬೇತಿ ಪಡೆದ ಊರ ದಾಯಿಯರು ನಾಲ್ವರು. ಇಬ್ಬರು ವೈದ್ಯರಿಗೆ ಹದಿಮೂರು ಮಂದಿ ಹೆಂಗಸರು. ಎಲ್.ಎಂ.ಪಿ.ಗಳನ್ನು ಕೈಬಿಟ್ಟರೆ ಹಳ್ಳಿಗೆ ಯಾರು ಎಂಬ ಭಿನ್ನಮತದವರ ಪ್ರಶ್ನೆಗೆ ಈ ಹದಿಮೂರು ಮಂದಿಯೇ ಉತ್ತರ. ಆದರೆ ಆ ಉತ್ತರವನ್ನು ಸಮಿತಿ ಬಾಯಿಬಿಟ್ಟು ಹೇಳಲಿಲ್ಲ. ವರದಿಯ ದೊಡ್ಡ ದೋಷ ಇದೇ ಎಂದು ನಾವು ಭಾವಿಸುತ್ತೇವೆ. ದಾದಿಯರ ಸಂಬಳ, ವಸತಿ, ಸಮಾಜದಲ್ಲಿ ಅವರಿಗಿದ್ದ ಸ್ಥಾನ ಇವುಗಳ ಹೀನಸ್ಥಿತಿಯನ್ನು ವರದಿ ಮರುಕದಿಂದ ವರ್ಣಿಸಿತು. ಸಂಖ್ಯೆಯನ್ನು ಕೊಟ್ಟಿತು. ಅಧಿಕಾರವನ್ನು ಕೊಡಲಿಲ್ಲ. ವೈದ್ಯನಿಲ್ಲದ ಊರಿನಲ್ಲಿ ಆಕೆ ಯಾವುದನ್ನು ತಾನೇ ನಿರ್ಧರಿಸಬಹುದು, ಯಾವ ಔಷಧವನ್ನು ತಾನೇ ಕೊಡಬಹುದು ಎಂಬ ಪ್ರಶ್ನೆ ಅಲ್ಲಿ ಗಟ್ಟಿಯಾಗಿ ಎದ್ದೇ ಇಲ್ಲ. ವೈದ್ಯನ ಕರ್ತವ್ಯವನ್ನು ಹೊಸದಾಗಿ ನಿರೂಪಿಸಿದಷ್ಟು ಶ್ರದ್ಧೆಯಿಂದ ದಾದಿಯ ಕರ್ತವ್ಯವನ್ನು ನಿರೂಪಿಸಲಿಲ್ಲ. ಹೀಗಾಗಿ ಓದಿದವರ ಕಣ್ಣಿಗೆ ಮೂಲವೈದ್ಯ ಸಿದ್ಧಾಂತವಾಗಿ ಕಂಡ. ದಾದಿ ಅಂಕಿಯಾಗಿ ಉಳಿದಳು.

ಬೇರೆ ದಾರಿಗಳು ತಿಳಿದಿರಲಿಲ್ಲವೆಂದು ಹೇಳುವಂತಿಲ್ಲ. ಕಾಂಗ್ರೆಸ್ಸು ೧೯೩೮ರಲ್ಲಿ ನೇಮಿಸಿದ್ದ ರಾಷ್ಟ್ರೀಯ ಯೋಜನಾ ಸಮಿತಿಯ ಆರೋಗ್ಯ ಉಪಸಮಿತಿ, ಕರ್ನಲ್ ಸೋಖಿಯವರ ನೇತೃತ್ವದಲ್ಲಿ, ಸಾವಿರ ಜನರಿಗೊಬ್ಬ ಆರೋಗ್ಯ ಕಾರ್ಯಕರ್ತನನ್ನು ಕೆಲವೇ ತಿಂಗಳ ತರಬೇತಿಯಿಂದ ಸಿದ್ಧಪಡಿಸಬೇಕೆಂದು ಸೂಚಿಸಿತ್ತು. ಸೋವಿಯೆತ್ ದೇಶದ ಹಳ್ಳಿಗಳಲ್ಲಿ ಫೆಲ್ಡ್‌ಷರರೆಂಬ ಮಧ್ಯಮ ದರ್ಜೆಯ ಚಿಕಿತ್ಸಕರು ಕೆಲಸಮಾಡುತ್ತಿದ್ದರು. ಆ ದೇಶದ ವೈದ್ಯವ್ಯವಸ್ಥೆಯನ್ನು ಕುರಿತು ಸಿಗರಿಸ್ಟರೇ ಗ್ರಂಥ ಬರೆದಿದ್ದರು. ಇದಕ್ಕಿಂತ ಕುತೂಹಲಕರವಾದದ್ದು ಜಾನ್ ಗ್ರಾಂಟರ ಸಂಗತಿ. ಸಮಿತಿಯ ಸದಸ್ಯರಾದ ಅವರು ಕಲ್ಕತ್ತೆಗೆ ಬರುವ ಮೊದಲು ಪೀಕಿಂಗಿನಲ್ಲಿ ಅಧ್ಯಾಪಕರಾಗಿದ್ದವರು. ಅವರ ಶಿಷ್ಯ ಸಿ. ಸಿ. ಚೆನ್ ೧೯೩೦ರ ದಶಕದಲ್ಲಿ ಡಿಂಗ್‌ಷಿಯನ್ ಎಂಬ ಚೀನೀ ಪ್ರಾಂತದಲ್ಲಿ ರೈತರನ್ನೇ ಆರಿಸಿ ಊರಿನ ಆರೋಗ್ಯ ಕಾರ್ಯಕರ್ತರನ್ನಾಗಿ ತಯಾರು ಮಾಡಿದ್ದರು. ಮುಂದೆ ೧೯೬೦ರ ದಶಕದ ಕೊನೆಯಲ್ಲಿ ಚೀನಾ ‘ಬರಿಗಾಲ ವೈದ್ಯ’ರೆಂದು ಹೆಸರಿಸಿದ್ದು ಇದೇ ಬಗೆಯ ಕಾರ್ಯಕರ್ತರನ್ನು. ಹೀಗೆ ಆ ಪ್ರಯೋಗವನ್ನು ಹತ್ತಿರದಿಂದ ಬಲ್ಲವರು ಮೇಜಿನ ಸುತ್ತ ಕುಳಿತಿದ್ದಾಗಲೂ ಬಹುಮತದ ದೃಷ್ಟಿ ಪದವೀಧರ ವೈದ್ಯನಲ್ಲೇ ನೆಟ್ಟಿತ್ತು.

ವರದಿಯ ತರುವಾಯ ಆದದ್ದನ್ನು ಬೇಗನೆ ಹೇಳಬಹುದು. ಬೆಲೆ ಕಡಮೆಯಾದ ಶಿಫಾರಸುಗಳನ್ನು ಆಳುವವರು ಮೊದಲು ಆರಿಸಿಕೊಂಡರು. ಶಾಲೆಯನ್ನು ಮುಚ್ಚಲು ಹಣ ಬೇಡ. ಏಳೂವರೆ ಲಕ್ಷ ದಾದಿಯರಿಗೆ ತರಬೇತಿ ಕೊಡಲು ಹಣ ಬೇಕು. ದಿಲ್ಲಿಯಲ್ಲೂ ವೆಲ್ಲೂರಿನಲ್ಲೂ ೧೯೪೬ರಲ್ಲಿ ದಾದಿಯರ ಪದವಿ ಶಿಕ್ಷಣ ಆರಂಭವಾಯಿತು. ೧೯೪೭ರಲ್ಲಿ ದಾದಿಯರ ಮಂಡಲಿಯ ಕಾಯಿದೆ ಬಂದಿತು. ಅಷ್ಟಕ್ಕೆ ವೇಗ ಕುಂದಿತು. ಸಮುದಾಯ ಅಭಿವೃದ್ಧಿ ಯೋಜನೆ ೧೯೫೨ರ ಅಕ್ಟೋಬರ್ ೨ರಂದು ಆರಂಭವಾಗಿ, ಅದರೊಡನೆ ಪ್ರಾಥಮಿಕ ಆರೋಗ್ಯಕೇಂದ್ರಗಳು ಬಂದಾಗ, ಸುಮಾರು ನೂರು ಹಳ್ಳಿಗಳ ಬ್ಲಾಕಿಗೆ ಒಂದು ಕೇಂದ್ರವೆಂದಾಯಿತು. ಖಾಸಗಿ ವೃತ್ತಿಯ ನಿಷೇಧ ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. ಸಮಿತಿ ಗುರಿಯಿಟ್ಟಿದ್ದ ೧೯೭೧ ಬಂದಾಗ ದೇಶದಲ್ಲಿ ದಾದಿಯರು ವೈದ್ಯರಿಗಿಂತ ಕಡಮೆಯಾಗಿಯೇ ಇದ್ದರು. ಆದಕಾರಣ ವರದಿ ಜಾರಿಗೆ ಬಂದು ಸೋತಿತೆನ್ನುವುದು ಸರಿಯಲ್ಲ. ಅದರ ಒಂದು ಕಾಲು ಮಾತ್ರ ನಡೆಯಿತು.

ಮುಚ್ಚಿದ ಪ್ರಶ್ನೆ ಮತ್ತೆ ಮತ್ತೆ ತೆರೆದದ್ದು ಇದರಿಂದಲೇ. ೧೯೭೫ರ ಶ್ರೀವಾಸ್ತವ ಸಮಿತಿಯ ವರದಿ, ೧೯೭೭ರ ಸಮುದಾಯ ಆರೋಗ್ಯ ಕಾರ್ಯಕರ್ತರ ಯೋಜನೆ, ೨೦೦೫ರಲ್ಲಿ ಬಂದ ಆಶಾ ಕಾರ್ಯಕರ್ತೆಯರು, ಇವೆಲ್ಲ ವೈದ್ಯನಿಗೂ ಹಳ್ಳಿಗೂ ನಡುವಣ ತೆರವನ್ನು ತುಂಬುವ ಯತ್ನಗಳು. ಛತ್ತೀಸ್‌ಗಢ, ಅಸ್ಸಾಂ ರಾಜ್ಯಗಳು ಮೂರು ವರ್ಷಗಳ ವೈದ್ಯಕೀಯ ಶಿಕ್ಷಣವನ್ನೇ ಮರಳಿ ತಂದವು. ಅಸ್ಸಾಮಿನ ಕಾಯಿದೆಯನ್ನು ಅಲ್ಲಿಯ ಉಚ್ಚ ನ್ಯಾಯಾಲಯ ರದ್ದುಪಡಿಸಿತು. ಆ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯ ೨೦೨೩ರ ಜನವರಿಯಲ್ಲಿ ಎತ್ತಿಹಿಡಿಯಿತು. ಇತ್ತ ೨೦೧೯ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆ ತನ್ನ ೩೨ನೆಯ ಪ್ರಕರಣದಲ್ಲಿ ‘ಸಮುದಾಯ ಆರೋಗ್ಯ ಒದಗಣೆಗಾರ’ರಿಗೆ ಮಿತವಾದ ಪರವಾನಗಿಗೆ ಅವಕಾಶ ಕಲ್ಪಿಸಿದಾಗ ವೈದ್ಯರ ಸಂಘ ಮುಷ್ಕರ ಹೂಡಿತು. ಅಂದು ಎರಡೂ ಕಡೆಯಿಂದ ಕೇಳಿಬಂದ ವಾದಗಳನ್ನು ೧೯೪೬ರ ಬಹುಮತದ ಪುಟಗಳ ಹಾಗೂ ಭಿನ್ನಮತದ ಪುಟಗಳ ಪಕ್ಕದಲ್ಲಿಟ್ಟು ನೋಡಿದರೆ, ಮಾತು ಬೇರೆ, ತಿರುಳು ಅದೇ. ಹಳ್ಳಿಯವನಿಗೆ ಕೀಳು ದರ್ಜೆಯ ವೈದ್ಯನೇ ಎಂದು ಒಬ್ಬರು. ಯಾವ ವೈದ್ಯನೂ ಇಲ್ಲದಿರುವುದಕ್ಕಿಂತ ಅದು ಲೇಸಲ್ಲವೇ ಎಂದು ಇನ್ನೊಬ್ಬರು. ದಾದಿಯ ಹೆಸರು ಇಬ್ಬರ ಬಾಯಲ್ಲೂ ಅಪರೂಪ.

ಇದರ ನಡುವೆ, ಹೆಚ್ಚು ಸದ್ದಿಲ್ಲದೆ, ೨೦೧೮ರಿಂದ ಉಪಕೇಂದ್ರಗಳನ್ನು ಆರೋಗ್ಯ ಹಾಗೂ ಕ್ಷೇಮ ಕೇಂದ್ರಗಳನ್ನಾಗಿ ಮಾರ್ಪಡಿಸುವ ಕಾರ್ಯ ನಡೆಯಿತು. ಅಲ್ಲಿ ನೇಮಕವಾದ ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ ಬಹುಮಂದಿ ದಾದಿ ಶಿಕ್ಷಣ ಪಡೆದವರು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಪತ್ತೆಹಚ್ಚುವುದೂ, ವೈದ್ಯರು ಬರೆದುಕೊಟ್ಟ ಔಷಧವನ್ನು ಮುಂದುವರಿಸಿ ಕೊಡುವುದೂ ಅವರ ಪಾಲಿಗೆ ಬಂದಿವೆ. ಅವರ ಅಧಿಕಾರದ ಎಲ್ಲೆ ಯಾವುದು, ವೈದ್ಯರ ಸಹಿಯಿಲ್ಲದೆ ಅವರು ಎಷ್ಟರಮಟ್ಟಿಗೆ ಚಿಕಿತ್ಸೆಯನ್ನು ನಡೆಸಬಹುದು ಎಂಬ ಪ್ರಶ್ನೆ, ಭೋರ್ ಸಮಿತಿ ಬರೆಯದೆ ಬಿಟ್ಟ ಅಧ್ಯಾಯಕ್ಕೆ ಸೇರಿದ್ದು. ಆ ಅಧ್ಯಾಯವನ್ನು ಈಗ ಬರೆಯುತ್ತಿರುವುದು ಸುತ್ತೋಲೆಗಳು.