ಹಿತ್ತಲಿನ ಆತಿಥ್ಯ

ಸಂಡೂರು ತಾಲ್ಲೂಕಿನ ಚೋರನೂರು ಸೀಮೆಯಲ್ಲಿ, ಬೆದ್ದಲು ಹೊಲವು ಮುಗಿಲಿನ ಮುಖ ನೋಡಿಕೊಂಡಿರುವಾಗ, ಬಚ್ಚಲ ನೀರನ್ನು ನೆಚ್ಚಿ ಮನೆಯ ಬೆನ್ನಿಗೆ ಬೆಳೆಯುವ ಹಿತ್ತಲನ್ನು ಗೃಹಿಣಿಯರ ಕಾಲಕ್ಷೇಪವೆಂದು ತಳ್ಳಿಹಾಕುವುದು ಅವಿವೇಕ. ಅದನ್ನು ಜೀವದಯೆಯ ಆಶ್ರಮವೆಂದು ಕೊಂಡಾಡುವುದೂ ಅಷ್ಟೇ ಅಸಮಂಜಸ.

ಅದರ ಋತುಜ್ಞಾನವಂತೂ ಪ್ರಶಂಸಾರ್ಹವಾದುದು. ಜೂನ್ 8ರ ಸುಮಾರಿಗೆ ಪ್ರವೇಶಿಸುವ ಮೃಗಶಿರಾ ಮಳೆಗೆ ಹೀರೆ, ಸೋರೆ, ಕುಂಬಳಗಳ ಬೀಜವೂರಿ, ಬಳ್ಳಿಯನ್ನು ಚಪ್ಪರಕ್ಕೋ ಮಾಳಿಗೆಗೋ ಹಬ್ಬಿಸಿ, ಮಳೆ ಹಿಂದೆಗೆದು ಚಳಿಯೇರುವಷ್ಟರಲ್ಲಿ ಚಪ್ಪರದವರೆ ಹೂವಿಗೆ ಬರುವಂತೆ ಅಣಿಗೊಳಿಸಿ, ಬೇಸಗೆಯಲ್ಲಿ ನುಗ್ಗೆ ಕರಿಬೇವುಗಳಿಗೆ ಮಾತ್ರ ನೀರುಣಿಸಿ ಉಳಿದ ನೆಲವನ್ನು ಬರಿದೇ ಬಿಡುವ ಈ ಕ್ರಮದಲ್ಲಿ ನೀರಿನ ಮಿತಿಯನ್ನರಿತವರ ಸಂಯಮವಿದೆ. ಬಲಿತ ಹೀರೆಯನ್ನು ಬಳ್ಳಿಯಲ್ಲೇ ಒಣಗಗೊಟ್ಟು ಬೀಜಕ್ಕಿಟ್ಟುಕೊಳ್ಳುವ ರೂಢಿಯು, ತನ್ನ ಗುಣವನ್ನು ಮರುಬೆಳೆಗೆ ದಾಟಿಸಲಾರದ ಹೈಬ್ರಿಡ್ ಪೊಟ್ಟಣಕ್ಕೆ ಸೋಲುತ್ತಿರುವುದು ಶೋಚನೀಯ.

ಜೀವದಯೆಯ ಮಾತು ಬೇರೆ. ಕರಿಬೇವಿನ ಹಣ್ಣಿಗೆ ಪಿಕಳಾರ ಕೋಗಿಲೆಗಳೂ ನುಗ್ಗೆಯ ಹೂವಿಗೆ ಸೂರಕ್ಕಿ ದುಂಬಿಗಳೂ ಬರುವುದು ನಿಜವೇ ಆದರೂ, ಈ ಆತಿಥ್ಯವು ಕರುಣೆಯಿಂದ ಹುಟ್ಟಿದುದಲ್ಲ, ವಿಷ ಕೊಳ್ಳಲು ಕಾಸಿಲ್ಲದುದರಿಂದ ಒದಗಿದುದು. ನುಗ್ಗೆಯ ಕಾಂಡಕ್ಕೆ ಗುಂಪುಗಟ್ಟಿ ಅಂಟಿದ ಕಂಬಳಿಹುಳುಗಳನ್ನು ಪಂಜು ಹಿಡಿದು ಸುಡುವ ಪದ್ಧತಿಯನ್ನು ಸ್ತುತಿಪಾಠಕರು ಮರೆಯುತ್ತಾರೆ. (ಆ ಸುಡುವಿಕೆಗೆ ನನ್ನ ಆಕ್ಷೇಪ ಅಲ್ಪವೇ, ಪಂಜಿನ ಉರಿ ತಾನು ಮುಟ್ಟಿದುದನ್ನಷ್ಟೇ ಸುಡುತ್ತದೆ.) ಒಲೆಯ ಬೂದಿಯನ್ನು ಎಲೆಗಳಿಗೆ ಎರಚಿ ಕೀಟವನ್ನು ತಡೆಯುತ್ತಿದ್ದ ಮನೆಗೆ ಗ್ಯಾಸು ಬಂದೊಡನೆ ಬೂದಿ ಇಲ್ಲವಾಗಿ, ಹೊಲಕ್ಕೆ ತಂದ ಔಷಧದ ಮಿಕ್ಕುಳಿಕೆ ಹಿತ್ತಲನ್ನು ಹೊಕ್ಕಿತೆಂದರೆ, ದಾರಿದ್ರ್ಯವು ಕಾಯ್ದುದನ್ನು ತುಸು ಅನುಕೂಲವೇ ಕೆಡಿಸಿತೆಂದಾಯಿತು.

ಕಾರಣವನ್ನರಿಯದ ಆಚಾರವು ಪರರ ಉಪದೇಶಕ್ಕೆ ಬೇಗ ಶರಣಾಗುತ್ತದೆ. ಜೇನ್ನೊಣಗಳಿಗೆ ಅಪಾಯ ತಗ್ಗಲೆಂದು ಔಷಧವನ್ನು ಸಂಜೆ ಸಿಂಪಡಿಸಬೇಕೆಂಬ ಸಾಮಾನ್ಯ ಸಲಹೆಯು, ನಸುಕಿನಲ್ಲಿ ಅರಳಿ ಮಧ್ಯಾಹ್ನದೊಳಗೆ ಮುದುಡುವ ಕುಂಬಳದ ಹೂವಿಗೆ ಹೊಂದುವುದಾದರೂ, ಹೊತ್ತಿಳಿದ ಮೇಲೆ ಅರಳಿ ಪತಂಗಗಳನ್ನು ಸೆಳೆಯುವ ಹೀರೆ ಸೋರೆಗಳ ವಿಷಯದಲ್ಲಿ ತೀರ ವಿಪರೀತವಾದುದು. ಗಂಡುಹೂವಿನ ಪರಾಗ ಮುಟ್ಟದ ಹೆಣ್ಣುಹೂವಿನ ಹೀಚು ಹಳದಿಗಟ್ಟಿ ಉದುರುತ್ತದೆ. ಆಗ ಮನೆಯವರು ಬೀಜವನ್ನು ಬಯ್ಯುತ್ತಾರೆ, ಮಣ್ಣನ್ನು ಬಯ್ಯುತ್ತಾರೆ, ಯಾರದೋ ದೃಷ್ಟಿ ತಾಕಿತೆಂದು ಚಪ್ಪರಕ್ಕೆ ಹಳೆಯ ಕೆರವನ್ನೂ ಕಟ್ಟುತ್ತಾರೆ; ಸಿಂಪಡಿಸಿದ ಹೊತ್ತನ್ನು ಮಾತ್ರ ಯಾರೂ ಶಂಕಿಸುವುದಿಲ್ಲ.