ಲೋಪಚಿಹ್ನೆಯೂ ಷಷ್ಠೀವಿಭಕ್ತಿಯೂ: ಕೆಲವು ಸ್ಥಳನಾಮಗಳ ವಿಮರ್ಶೆ

ಆಂಗ್ಲಭಾಷೆಯ ಬರವಣಿಗೆಯಲ್ಲಿ ಅಕ್ಷರಗಳ ನೆತ್ತಿಗೆ ಕೊಕ್ಕೆಯಂತೆ ಹಾಕುವ ಅಪಾಸ್ಟ್ರಫಿಯನ್ನು ಅಲ್ಪವೆಂದೆಣಿಸಿ, ಹೆಸರುಗಳನ್ನು ಕನ್ನಡಕ್ಕೆ ತರುವಾಗ ಕೈಬಿಡುವುದು ರೂಢಿಯಾಗಿದೆ. ಈ ರೂಢಿ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಬೆಂಗಳೂರು ದಂಡುಪ್ರದೇಶದ ಹಾಗೂ ಅದರ ಪೂರ್ವಭಾಗದ ಕೆಲವು ಹೆಸರುಗಳ ಮೂಲಕ ಪರಿಶೀಲಿಸುವುದು ಇಲ್ಲಿಯ ಉದ್ದೇಶ.

ಈ ಚಿಹ್ನೆ ಮೂಲತಃ ಲೋಪಸೂಚಕ. ಪ್ರಾಚೀನ ಆಂಗ್ಲದಲ್ಲಿ ಅನೇಕ ನಾಮಪದಗಳಿಗೆ ‘-ಎಸ್’ ಎಂಬ ಷಷ್ಠೀಪ್ರತ್ಯಯ ಸೇರುತ್ತಿತ್ತು. ಅದರ ಎಕಾರ ಅಳಿದುದನ್ನು ಸೂಚಿಸಲು ಚಿಹ್ನೆ ಬಳಕೆಗೆ ಬಂದಿತು. ಅಕಾರಲೋಪವನ್ನು ತೋರಿಸುವ ಸಂಸ್ಕೃತದ ಅವಗ್ರಹ (ಽ) ಇದಕ್ಕೆ ಸಮೀಪವಾದುದು. ಆದರೆ ಅವಗ್ರಹವು ಲೋಪವನ್ನಷ್ಟೇ ತಿಳಿಸುತ್ತದೆ. ಅಪಾಸ್ಟ್ರಫಿಯಾದರೋ 18ನೆಯ ಶತಮಾನದಿಂದೀಚೆಗೆ ಸಂಬಂಧವನ್ನೂ ವಚನವನ್ನೂ ಒಟ್ಟಿಗೆ ಹೇಳತೊಡಗಿತು. ‘ಬಾಯ್ಸ್’ ಎಂಬಲ್ಲಿ ಸಕಾರಕ್ಕೆ ಮುಂಚೆ ಚಿಹ್ನೆ ಬಂದರೆ ‘ಹುಡುಗನ’, ಸಕಾರದ ಬಳಿಕ ಬಂದರೆ ‘ಹುಡುಗರ’, ಬಾರದಿದ್ದರೆ ‘ಹುಡುಗರು’. ಕಿವಿಗೆ ಮೂರೂ ಒಂದೇ. 1865ರಲ್ಲಿ ಸ್ಥಾಪಿತವಾದ ಬಿಷಪ್ ಕಾಟನ್ ಬಾಯ್ಸ್ ಸ್ಕೂಲಿನ ಹೆಸರಿನಲ್ಲಿ ಚಿಹ್ನೆ ಒಂದಕ್ಷರ ಹಿಂದಕ್ಕೆ ಸರಿದರೆ ಶಾಲೆ ಒಬ್ಬನೇ ಹುಡುಗನದಾಗುತ್ತದೆ! ಅದರ ಸಮೀಪದ ‘ಸೇಂಟ್ ಮಾರ್ಕ್ಸ್ ರಸ್ತೆ’ಯ ಗತಿ ಇನ್ನೂ ವಿಚಿತ್ರ. ಚಿಹ್ನೆಯನ್ನು ಕಳೆದುಕೊಂಡ ಕನ್ನಡ ರೂಪದಲ್ಲಿ ಸಂತ ಮಾರ್ಕನಿಗೂ ಕಾರ್ಲ್ ಮಾರ್ಕ್ಸನಿಗೂ ಭೇದವುಳಿಯುವುದಿಲ್ಲ.

ಕನ್ನಡದಲ್ಲಿಯಾದರೋ ಸಂಬಂಧವು ಕಿವಿಗೇ ಕೇಳಿಸುತ್ತದೆ. 2023ರ ಮಾರ್ಚಿಯಲ್ಲಿ ತೆರೆದ ಕೃಷ್ಣರಾಜಪುರ–ವೈಟ್‌ಫೀಲ್ಡ್ ಮೆಟ್ರೋ ಮಾರ್ಗದಲ್ಲಿ ಸಿಂಗಯ್ಯನಪಾಳ್ಯ, ಗರುಡಾಚಾರ್‌ಪಾಳ್ಯ ಎಂಬ ನಿಲ್ದಾಣಗಳು ಒಂದರ ಮುಂದೊಂದಿವೆ. ಮೊದಲನೆಯದರಲ್ಲಿ ಷಷ್ಠಿ ಉಳಿದಿದೆ. ಎರಡನೆಯದರಲ್ಲಿ ಸಮಾಸದೊಳಗೆ ಲೋಪವಾಗಿದೆ. ಲೋಪಕ್ಕೆ ಚಿಹ್ನೆಯಿಲ್ಲದಿದ್ದರೂ ಅರ್ಥಕ್ಕೆ ಕುಂದಿಲ್ಲ.

ಹಾಗೆಂದು ಕನ್ನಡಕ್ಕೆ ಈ ತೊಡಕೇ ಇಲ್ಲವೆನ್ನಲಾಗದು. ರೇಫಕ್ಕೆ ಅಕಾರ ಸೇರಿ ‘ಗರುಡಾಚಾರಪಾಳ್ಯ’ವಾದರೆ ‘ಆಚಾರ್’ ಹೋಗಿ ‘ಆಚಾರ’ ಬರುತ್ತದೆ; ವ್ಯಕ್ತಿ ಮರೆಯಾಗಿ ನಡವಳಿಕೆ ತಲೆದೋರುತ್ತದೆ. ರೇಫವನ್ನು ಪಕಾರದೊಡನೆ ಬೆಸೆದು ‘ಗರುಡಾಚಾರ್ಪಾಳ್ಯ’ವೆಂದರೆ ಎರಡು ಪದಗಳ ಗಡಿಯೇ ಅಳಿಯುತ್ತದೆ. ಗಣಕಯಂತ್ರದಲ್ಲಿ ರೇಫವನ್ನು ಬಿಡಿಸಿ ನಿಲ್ಲಿಸಲು ಕಣ್ಣಿಗೆ ಕಾಣದ ಸಂಕೇತವೊಂದನ್ನು ನಡುವೆ ಇಡಬೇಕಾಗುತ್ತದೆ. ಆಂಗ್ಲದಲ್ಲಿ ಚಿಹ್ನೆ ಕಾಣುತ್ತದೆ, ಕೇಳದು. ಇಲ್ಲಿ ಸಂಕೇತವೇ ಕಾಣದು, ಅದರ ಫಲ ಮಾತ್ರ ಕಾಣುತ್ತದೆ.

ಸಂದರ್ಭದಿಂದ ಅರ್ಥ ತಿಳಿಯುತ್ತದೆಯೆಂದು ಸಮಾಧಾನ ಹೇಳುವವರುಂಟು. ವಾಕ್ಯದ ಮಟ್ಟಿಗೆ ಇದು ಒಪ್ಪತಕ್ಕ ಮಾತು. ಆದರೆ ಹಲಗೆಯ ಮೇಲೆ ಒಂಟಿಯಾಗಿ ನಿಲ್ಲುವ ಸ್ಥಳನಾಮಕ್ಕೆ ಸಂದರ್ಭವೆಲ್ಲಿಯದು? ಬರೆದ ರೂಪವೇ ಅದರ ಚರಿತ್ರೆ. ಊರಿಗೆ ಹೆಸರಿತ್ತವರ ನೆನಪು ಎಷ್ಟೋ ವೇಳೆ ಒಂದು ಪ್ರತ್ಯಯದಲ್ಲಿ, ಒಂದು ಅರ್ಧಾಕ್ಷರದಲ್ಲಿ ಮಾತ್ರ ಉಳಿದಿರುತ್ತದೆ.

ಆದುದರಿಂದ ಲಿಪ್ಯಂತರ ಮಾಡುವವರು ಸಕಾರವನ್ನು ನಕಲುಮಾಡುವುದಕ್ಕಿಂತ ಸಂಬಂಧವನ್ನು ಕನ್ನಡಿಸುವುದು ಮೇಲು. ‘ಸಂತ ಮಾರ್ಕನ ರಸ್ತೆ’, ‘ಬಾಲಕರ ಶಾಲೆ’ ಎಂದಾಗ ಚಿಹ್ನೆಯ ಕೆಲಸವನ್ನು ವಿಭಕ್ತಿಯೇ ನಿರ್ವಹಿಸುತ್ತದೆ. ನಮ್ಮ ಹೆಸರುಗಳಲ್ಲಿಯೂ ಪದಗಳ ಗಡಿಯನ್ನು ಕಾಪಾಡುವ ಎಚ್ಚರ ಅಗತ್ಯ.